ನೀರಲ್ಲಿ ನಿಂತ ಭತ್ತದ ಬೇರಿಗೆ ಗಾಳಿ: ನೋಡುವುದು ಹೇಗೆ, ಕಾಯುವುದು ಹೇಗೆ

ಮಳೆಗಾಲದಲ್ಲಿ ಖಾನಾಪುರ ತಾಲ್ಲೂಕಿನ ಗದ್ದೆಗಳಲ್ಲಿ ವಾರಗಟ್ಟಲೆ ನೀರು ನಿಂತರೂ ಭತ್ತ ಹಸಿರಾಗಿಯೇ ಇರುತ್ತದೆ. ಅಷ್ಟೇ ನೀರು ಗೋವಿನಜೋಳದ ಹೊಲದಲ್ಲಿ ನಾಲ್ಕೈದು ದಿನ ನಿಂತರೆ ಎಲೆ ಹಳದಿಯಾಗುತ್ತದೆ. ನೀರು ನಿಂತ ಮಣ್ಣಿನ ಆಮ್ಲಜನಕವನ್ನು ಸೂಕ್ಷ್ಮಾಣುಗಳು ಒಂದೆರಡು ದಿನದಲ್ಲೇ ಮುಗಿಸುತ್ತವೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುವುದರಿಂದ ಮೇಲಿನಿಂದ ಹೊಸದು ಇಳಿಯುವುದೂ ಕಷ್ಟ. ಹೀಗಾಗಿ ಭತ್ತ ಎಲೆಯಿಂದಲೇ ಬೇರಿಗೆ ಗಾಳಿ ಇಳಿಸಿಕೊಳ್ಳುತ್ತದೆ.

ನಾಟಿ ಮಾಡಿ ತಿಂಗಳಾದ ಒಂದು ಬುಡವನ್ನು ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ರಾಡಿ ಬಿಡಿಸಿ. ಎಳೆದು ಕಿತ್ತರೆ ಬೇರಿನ ತುದಿ ಮಣ್ಣಲ್ಲೇ ಉಳಿಯುತ್ತದೆ. ದಪ್ಪ ಬೇರೊಂದನ್ನು ತುದಿಯಿಂದ ನಾಲ್ಕು ಬೆರಳು ಮೇಲೆ ಹೊಸ ಬ್ಲೇಡಿನಿಂದ ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿ. ನಡುವೆ ಗಟ್ಟಿ ದಂಡು, ಸುತ್ತ ಬಂಡಿ ಗಾಲಿಯ ಅರಗಳ ನಡುವಿನ ಸಂದಿನಂತೆ ಖಾಲಿ ಜಾಗ. ಇದೇ ಗಾಳಿಯ ದಾರಿ, ಏರೆಂಕೈಮಾ. ಬೇರಿನೊಳಗಿನ ಜೀವಕೋಶಗಳು ತಾವೇ ಸತ್ತು ಈ ದಾರಿ ಬಿಡುತ್ತವೆ. ನೀರಿನ ತಡೆಯಿಂದ ಬೇರಿನಲ್ಲೇ ಸಿಕ್ಕಿಕೊಂಡ ಎಥಿಲಿನ್ ಅನಿಲ ಅದನ್ನು ಚುರುಕುಗೊಳಿಸುತ್ತದೆ. ಎಳೆ ತುದಿಯಲ್ಲಿ ಕೊಯ್ದರೆ ಖಾಲಿ ಜಾಗ ಸಿಗದು. ಬ್ಲೇಡು ಮೊಂಡಾಗಿದ್ದರೆ ಬೇರು ಜಜ್ಜಿಹೋಗಿ ಏನೂ ಕಾಣದು.

ಇಳಿಯುವ ಗಾಳಿ ನಡುದಾರಿಯಲ್ಲಿ ಸೋರದಂತೆ ಬೇರಿನ ಹೊರಪದರದಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತು ತುಂಬಿರುತ್ತದೆ. ಗೋವಿನಜೋಳವೂ ನೀರು ನಿಂತಾಗ ಒಂದಿಷ್ಟು ಗಾಳಿದಾರಿ ಮಾಡಿಕೊಳ್ಳುತ್ತದೆ, ಆದರೆ ಈ ತಡೆ ಇಲ್ಲದ್ದರಿಂದ ತುದಿಗೆ ಗಾಳಿ ಮುಟ್ಟುವುದಿಲ್ಲ. ತಡೆಯಿದ್ದರೂ ಭತ್ತದ ಬೇರಿನಿಂದ ಒಂದಿಷ್ಟು ಹೊರಬಿದ್ದ ಆಮ್ಲಜನಕ ಮಣ್ಣಿನ ಕಬ್ಬಿಣದೊಡನೆ ಸೇರಿ ಬೇರಿಗೆ ತುಕ್ಕಿನ ಬಣ್ಣ ಕೊಡುತ್ತದೆ. ತೊಳೆದಾಗ ಬೇರು ಕೆಂಗಂದು, ತುದಿ ಬಿಳಿ ಇದ್ದರೆ ಚಿಂತೆಯಿಲ್ಲ. ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಬೇರಿಗೆ ವಿಷವಾದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿದೆ ಎಂದೇ ತಿಳಿಯಿರಿ. ಹಸಿ ಸೊಪ್ಪು ಅಥವಾ ಕಳಿಯದ ಶೆಗಣಿ ಗೊಬ್ಬರ ತುಳಿದು ಕೂಡಲೇ ನಾಟಿ ಮಾಡಿದ ಕಡೆ ಇದು ಹೆಚ್ಚು. ಕಳಿಯಲು ಎರಡು ವಾರವಾದರೂ ಬಿಡಬೇಕು. ಬೇರು ಆಗಲೇ ಕಪ್ಪಾಗಿದ್ದರೆ ಬದು ಕಡಿದು ನೀರು ಬಸಿಯಿರಿ, ಮಣ್ಣಿನಲ್ಲಿ ಸಣ್ಣ ಬಿರುಕು ಕಂಡ ಮೇಲೆ ಮತ್ತೆ ನೀರು ಕಟ್ಟಿ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಗದ್ದೆ ಒಣಗಿಸಲೇಬೇಡಿ.

ಉಳಿದ ದಿನಗಳಲ್ಲಿ ಗದ್ದೆಯಲ್ಲಿ 5 ಸೆಂ.ಮೀ. ನೀರು ನಿಂತಿದ್ದರೆ ಸಾಕು. ಎಲೆ ತುದಿ ಹೊರಗಿರುವವರೆಗೆ ಬೇರಿಗೆ ಗಾಳಿ ಸಿಗುತ್ತದೆ. ಮಲಪ್ರಭೆ ಉಕ್ಕಿ ಪೈರು ಪೂರ್ತಿ ಮುಳುಗಿದಾಗಲೂ ಎಲೆಯ ಮೇಲೆ ತೆಳುವಾದ ಗಾಳಿಪೊರೆ ಕೆಲವು ದಿನ ಉಳಿಯುತ್ತದೆ. ತಿಳಿನೀರಿನಲ್ಲಿ ಎಲೆ ಅದ್ದಿದರೆ ಬೆಳ್ಳಿಯ ಹೊಳಪಾಗಿ ಕಾಣುವುದು ಅದೇ. ನೀರು ರಾಡಿಯಾಗಿದ್ದರೆ ಬೆಳಕು ಇಳಿಯದೆ ಪೈರು ಬೇಗ ಸೋಲುತ್ತದೆ. ಪ್ರವಾಹದ ದಂಡೆಯವರಿಗೆಂದೇ 2009ರಲ್ಲಿ ಬಿಡುಗಡೆಯಾದ ಸ್ವರ್ಣ ಸಬ್-1 ತಳಿ ಮುಳುಗಿದಾಗ ಬೆಳೆಯುವುದನ್ನು ತಡೆದು, ಕೂಡಿಟ್ಟ ಶಕ್ತಿಯಲ್ಲಿ ಸುಮಾರು ಎರಡು ವಾರ ಜೀವ ಹಿಡಿದಿರುತ್ತದೆ.

ನೀರಿಳಿದ ಮೇಲೆ ಎಲೆಗೆ ಮೆತ್ತಿದ ರಾಡಿಯನ್ನು ಪಂಪಿನಿಂದ ತಿಳಿನೀರು ಸಿಂಪಡಿಸಿ ತೊಳೆಯಿರಿ. ಅದೇ ದಿನ ಯೂರಿಯಾ ಎರಚಬೇಡಿ, ಸೊರಗಿದ ಬೇರು ಅದನ್ನು ಹೀರಲಾರದು. ಸುಳಿಯಲ್ಲಿ ಹೊಸ ಎಲೆ ಬಿಚ್ಚಿದ ಮೇಲೆ ಕೊಡಿ.