ಉಸಿರಲ್ಲಿ ಎಳೆದ ಆಮ್ಲಜನಕವನ್ನು ಕಬ್ಬಿಣ ಹೊತ್ತೊಯ್ಯುವುದು ಹೇಗೆ?

ಆಮ್ಲಜನಕ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. 100 ಮಿಲಿ ರಕ್ತದಲ್ಲಿ ಸುಮ್ನೆ ಕರಗಿರುವ ಆಮ್ಲಜನಕ ಸುಮಾರು 0.3 ಮಿಲಿ ಮಾತ್ರ, ಅಷ್ಟರಲ್ಲಿ ಯಾರೂ ಬದುಕಲಾರರು. ಆದರೆ ಅದೇ ರಕ್ತ ಒಟ್ಟು 20 ಮಿಲಿಯಷ್ಟು ಸಾಗಿಸುತ್ತದೆ. ಉಳಿದದ್ದೆಲ್ಲ ಕಬ್ಬಿಣದ ಕೆಲಸ.

ಮೊದಲು ಈ ಕಬ್ಬಿಣ ಎಲ್ಲಿದೆ ನೋಡಿ. ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಒಂದೊಂದರಲ್ಲೂ ನಾಲ್ಕು ಪ್ರೋಟೀನ್ ಎಳೆ, ಪ್ರತಿ ಎಳೆಯಲ್ಲಿ ಹೀಮ್ ಎಂಬ ಚಪ್ಪಟೆ ಉಂಗುರ, ಅದರ ನಡುವೆ ಒಂದೇ ಒಂದು ಕಬ್ಬಿಣದ ಪರಮಾಣು.

ಶ್ವಾಸಕೋಶದಲ್ಲಿ ಒಂದು ಕಬ್ಬಿಣಕ್ಕೆ ಆಮ್ಲಜನಕ ಅಂಟಿದ ಕೂಡಲೇ ಇಡೀ ಹಿಮೋಗ್ಲೋಬಿನ್ ಆಕಾರ ಬದಲಿಸುತ್ತದೆ, ಆಗ ಉಳಿದ ಮೂರಕ್ಕೂ ಅಂಟುವುದು ಸುಲಭ. ಈ ರಚನೆಯನ್ನು ಬಿಡಿಸಿ ತೋರಿಸಿದ ವಿಜ್ಞಾನಿ ಮ್ಯಾಕ್ಸ್ ಪೆರುಟ್ಜ್ ಅವರಿಗೆ 1962ರಲ್ಲಿ ನೊಬೆಲ್ ಬಂತು.

ಆಮ್ಲಜನಕ ತಾಗಿದರೆ ಕಬ್ಬಿಣ ತುಕ್ಕು ಹಿಡಿಯಬೇಕಲ್ವಾ? ಇಲ್ಲಿ ಪ್ರೋಟೀನಿನ ಮಡಿಕೆ ಅದನ್ನು ಕಾಯುತ್ತದೆ. ಆಮ್ಲಜನಕದ ಮೇಲಿನ ಹಿಡಿತ ಸಡಿಲವಾಗಿರುವುದೇ ಇದರ ಹೆಚ್ಚುಗಾರಿಕೆ. ಯಾಕೆಂದರೆ ಮುಂದಿನ ಹೆಜ್ಜೆ ಬಿಟ್ಟುಕೊಡುವುದು: ದುಡಿಯುತ್ತಿರುವ ಸ್ನಾಯುವಿನಲ್ಲಿ ಬಿಸಿ, ಆಮ್ಲ, ಇಂಗಾಲದ ಡೈಆಕ್ಸೈಡ್ ಮೂರೂ ಜಾಸ್ತಿ, ಹಾಗಾಗಿ ಎಲ್ಲಿ ಬೇಕೋ ಅಲ್ಲೇ ಆಮ್ಲಜನಕ ಕಳಚಿಕೊಳ್ಳುತ್ತದೆ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕೊಲ್ಲುವುದಕ್ಕೆ ಬಿಗಿ ಹಿಡಿತವೇ ಕಾರಣ, ಅದು ಇದೇ ಕಬ್ಬಿಣಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿ ಸುಲಭಕ್ಕೆ ಜಾಗ ಬಿಡುವುದಿಲ್ಲ.

ಕಬ್ಬಿಣ ಸಾಲದಿದ್ದರೆ? ಹಿಮೋಗ್ಲೋಬಿನ್ ತಯಾರಿ ಕುಗ್ಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ದಿನವಿಡೀ ಸುಸ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಆಗಲೂ 98 ತೋರಿಸಬಹುದು, ಅದು ನೋಡುವುದು ಇರುವ ಹಿಮೋಗ್ಲೋಬಿನ್ ಎಷ್ಟು ತುಂಬಿದೆ ಅಂತ, ಒಟ್ಟು ಎಷ್ಟಿದೆ ಅಂತಲ್ಲ. ಆ ಅಂಕಿ ನೋಡಿ ದಯವಿಟ್ಟು ಸುಮ್ಮನಾಗಬೇಡಿ, ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣವನ್ನು ಕೂಡಿಟ್ಟುಕೊಳ್ಳುವ ಪ್ರೋಟೀನ್ ಆದ ಫೆರಿಟಿನ್ ಕೂಡ ನೋಡಿಸಿ, ಕಬ್ಬಿಣದ ದಾಸ್ತಾನು ಖಾಲಿಯಾಗುತ್ತಿರುವುದು ಅದರಲ್ಲೇ ಮೊದಲು ಕಾಣುವುದು.

ದೇಹದಲ್ಲಿರುವ ಕಬ್ಬಿಣ ಒಟ್ಟು 3–4 ಗ್ರಾಂ, ಹಳೇ ಕಣ ಒಡೆದಾಗ ಸಿಗುವುದನ್ನೇ ದೇಹ ಮತ್ತೆ ಬಳಸುತ್ತದೆ. ಊಟದಿಂದ ದಿನಕ್ಕೆ ಒಳಗೆ ಹೋಗುವುದು 1–2 ಮಿಲಿಗ್ರಾಂ ಅಷ್ಟೇ. ವಿಟಮಿನ್ ಸಿ ಜೊತೆಗಿದ್ದರೆ ಗಿಡಮೂಲದ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ, ಕಾಫಿ, ಟೀ ಅಡ್ಡಿ ಮಾಡುತ್ತವೆ. ವೈದ್ಯರು ಮಾತ್ರೆ ಕೊಟ್ಟಿದ್ದರೆ ಹಿಮೋಗ್ಲೋಬಿನ್ ಸರಿಯಾಯಿತೆಂದು ನೀವೇ ನಿಲ್ಲಿಸಬೇಡಿ, ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು.