ಬೆಳಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ

ಹಳೇ ಗಾಡಿ ನೋಡಲು ಹೋದಾಗ ನಾನು ಮೊದಲು ಮಾಡುವ ಕೆಲಸ ಬಾನೆಟ್ ಮೇಲೆ ಅಂಗೈ ಇಟ್ಟು ನೋಡುವುದು. ಬೆಚ್ಚಗಿದ್ದರೆ ಅವತ್ತು ಗಾಡಿ ನೋಡುವುದಿಲ್ಲ, ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ವಾಪಸ್ ಬರುತ್ತೇನೆ.

2022ರ ಏಪ್ರಿಲ್. ಕಲಬುರಗಿಯ ಸೇಡಂ ರಸ್ತೆಯ ಒಂದು ಬಡಾವಣೆ. ಏಳಕ್ಕೆ ಬರುತ್ತೇವೆ ಅಂತ ಫೋನಿನಲ್ಲಿ ಹೇಳಿ ಬೇಕಂತಲೇ ಆರಕ್ಕೆ ಹೋಗಿದ್ದೆವು. ಜೊತೆಗೆ ಗ್ಯಾರೇಜ್ ನಡೆಸುವ ಚಾಚಾ. ಅವರಿಗೆ ನನ್ನ ಹಳೇ ಬೈಕಿನ ಕಾಲದಿಂದ ನಾನು ಗೊತ್ತು. ಮನೆಯವರು ಇನ್ನೂ ಅಂಗಳಕ್ಕೆ ನೀರು ಹಾಕುತ್ತಿದ್ದರು. ಗಾಡಿ 2016ರ ಹ್ಯುಂಡೈ ಕ್ರೆಟಾ, 1.6 ಲೀಟರ್ ಪೆಟ್ರೋಲ್, ಮ್ಯಾನುವಲ್ ಗೇರ್, ಕೆಎ-32 ನಂಬರು, ಒಬ್ಬರೇ ಮಾಲೀಕರು, ಮೀಟರಿನಲ್ಲಿ 62 ಸಾವಿರ. ಬಾನೆಟ್ ಮುಟ್ಟಿದೆ. ರಾತ್ರಿಯಿಡೀ ನಿಂತ ತಗಡಿನ ತಂಪು. ಚಾಚಾ ತಲೆ ಆಡಿಸಿದರು.

ಪೆಟ್ರೋಲೇ ಯಾಕೆ ಅಂತ ಆಗ ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಕೇಳಿದರು. ನಮ್ಮ ಕಡೆ ದೊಡ್ಡ ಗಾಡಿ ಅಂದರೆ ಡೀಸೆಲ್ ಅಂತಲೇ ಲೆಕ್ಕ. ನಾನು ಹೈಸ್ಕೂಲ್ ಮಾಸ್ತರ. ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್. ತಿಂಗಳಿಗೆ ಎರಡು ಸಲ ಚಿಂಚೋಳಿ ತಾಲ್ಲೂಕಿನ ನಮ್ಮ ಹಳ್ಳಿಗೆ, ಹೋಗಲು ಎಂಬತ್ತು, ಬರಲು ಎಂಬತ್ತು. ಅಮಾವಾಸ್ಯೆಗೋ ಹುಣ್ಣಿಮೆಗೋ ಅವ್ವನ ಜೊತೆ ಗಾಣಗಾಪುರ. ಎಲ್ಲ ಕೂಡಿಸಿದರೆ ವರ್ಷಕ್ಕೆ ಏಳು ಸಾವಿರ ಕಿಲೋಮೀಟರ್. ಪೆಟ್ರೋಲ್ ಗಾಡಿ ಲೀಟರಿಗೆ 11 ಕೊಟ್ಟು ಡೀಸೆಲ್ 16 ಕೊಟ್ಟರೂ ವರ್ಷಕ್ಕೆ ಉಳಿಯುವುದು ಇಪ್ಪತ್ತೈದು ಸಾವಿರದ ಆಸುಪಾಸು. ಅದೇ ವರ್ಷದ ಅದೇ ಗಾಡಿಯ ಡೀಸೆಲ್‌ಗೆ ನನ್ನ ಹತ್ತಿರ ಒಂದೂವರೆ ಲಕ್ಷ ಹೆಚ್ಚು ಕೇಳಿದ್ದರು. ಅದರ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್, ಗಾಳಿ ತುಂಬುವ ಟರ್ಬೊ ಕೈಕೊಟ್ಟರೆ ಆಗುವ ಖರ್ಚು ಬೇರೆ. 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆ ಮಿತಿಯ ಸರ್ಕಾರಿ ನಿಯಮ) ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ದೂರ ಓಡಿ ಬಿಸಿಯಾಗಬೇಕು, ದಿನಾ ಮೂರು ಕಿಲೋಮೀಟರಿಗೆ ಅದು ಆಗದ ಕೆಲಸ. ವರ್ಷಕ್ಕೆ ಇಪ್ಪತ್ತು ಸಾವಿರ ಓಡಿಸುವವರು ಡೀಸೆಲ್ಲೇ ತಗೊಳ್ಳಲಿ. ನನ್ನಂಥವರಿಗೆ ಅದು ಬೇಡ.

ಎತ್ತರದ ಗಾಡಿ ಬೇಕಾಗಿದ್ದು ಅವ್ವನ ಮೊಣಕಾಲಿಗಾಗಿ. ಸಣ್ಣ ಕಾರಿನಲ್ಲಿ ಕೆಳಗೆ ಕುಕ್ಕರಿಸಿ ಕೂಡಬೇಕು, ಏಳುವಾಗ ಇಬ್ಬರು ಹಿಡಿಯಬೇಕು. ಇದರಲ್ಲಿ ಸೀಟು ಸೊಂಟದ ಮಟ್ಟಕ್ಕೇ ಇದೆ. ಹಳ್ಳಿಯ ದಾರಿಯ ತಗ್ಗುಗಳಿಗೆ ನೆಲದಿಂದ 190 ಮಿಲಿಮೀಟರ್ ಎತ್ತರ ಸಾಕು. ಆದರೆ ಒಂದು ಮಾತು: ಇದು ಮುಂದಿನ ಎರಡೇ ಗಾಲಿ ಎಳೆಯುವ ಗಾಡಿ. ಮಳೆ ಬಿದ್ದ ಕಪ್ಪು ಎರಿ ಮಣ್ಣಿನ ಹೊಲಕ್ಕೆ ಇಳಿಸಿದರೆ ಟ್ರ್ಯಾಕ್ಟರ್ ಕರೆಸಲೇಬೇಕು. ನಾನು ರಸ್ತೆ ಬದಿಗೆ ನಿಲ್ಲಿಸಿ ನಡೆದು ಹೋಗುತ್ತೇನೆ.

ಇದಕ್ಕಿಂತ ಮುಂಚೆ ನಾಲ್ಕು ಗಾಡಿ ನೋಡಿ ಬೇಡ ಅಂತ ಬಿಟ್ಟಿದ್ದೆ. ಒಂದು ರೆನೋ ಕಂಪನಿಯ ಡಸ್ಟರ್, ಹಳೆಯ 1.6 ಪೆಟ್ರೋಲ್. ಓಡಿಸಲು ಬಹಳ ಹಿಡಿಸಿತ್ತು. ಆದರೆ ಆ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ಪಿಸ್ಟನ್ನಿನ ಲಯಕ್ಕೆ ತೆರೆದು ಮುಚ್ಚಿಸಲು ಇರುವುದು ಟೈಮಿಂಗ್ ಬೆಲ್ಟ್, ಚೈನ್ ಅಲ್ಲ. ಬೆಲ್ಟ್ ಹರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚದೆ ದಾರಿಯಿಲ್ಲ. ಬೆಲ್ಟ್ ಯಾವಾಗ ಬದಲಿಸಿದ್ದೀರಿ ಅಂದರೆ ಅವರ ಹತ್ತಿರ ಬಿಲ್ಲೂ ಇಲ್ಲ, ನೆನಪೂ ಇಲ್ಲ. ಬದಲಿಸಿದ ದಾಖಲೆ ಇದ್ದಿದ್ದರೆ ಖಂಡಿತ ತಗೊಳ್ಳುತ್ತಿದ್ದೆ.

ಇನ್ನೊಂದು ಹೈದರಾಬಾದಿನಿಂದ ತಂದ ಗಾಡಿ. ಬೆಲೆ ಕೇಳಿ ನನಗೇ ಆಸೆ ಆಯಿತು, ಇಲ್ಲಿಯದಕ್ಕಿಂತ ಒಂದು ಲಕ್ಷ ಕಡಿಮೆ. ಒಳಗೆ ಹೊಸ ಸೀಟ್ ಕವರ್, ಅತ್ತರಿನ ಘಮ. ಚಾಚಾ ಏನೂ ಮಾತಾಡದೆ ಹಿಂದಿನ ಸೀಟಿನ ಬೆಲ್ಟ್ ಹಿಡಿದು ಕೊನೆ ಮುಟ್ಟುವವರೆಗೆ ಎಳೆದರು. ಎರಡು ಮೊಳ ಸ್ವಚ್ಛ. ಅದರಾಚೆ ಬೆಲ್ಟಿಗೆ ಅಡ್ಡಲಾಗಿ ಕಂದು ಗೆರೆ, ಗೆರೆಯ ಕೆಳಗೆ ನೇಯ್ಗೆಯೊಳಗೆ ಸಣ್ಣ ಮಣ್ಣು. ಉಗುರಿನಿಂದ ಕೆರೆದರೆ ಪುಡಿ ಉದುರಿತು. 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನಲ್ಲಿ ಎಷ್ಟೋ ಗಾಡಿ ಮುಳುಗಿದ್ದವು, ಅದೇ ತಿಂಗಳು ನಮ್ಮ ಭೀಮಾ ನದಿಯೂ ಉಕ್ಕಿತ್ತು. ಮುಳುಗಿದ ಗಾಡಿಯ ಸೀಟು, ಮ್ಯಾಟು ಬದಲಿಸಬಹುದು, ವೈರಿಂಗ್ ಒಳಗೆ ಹೊಕ್ಕ ನೀರು ವರ್ಷಗಟ್ಟಲೆ ಕಾಡುತ್ತದೆ. ಬೆಲ್ಟ್ ಎಳೆದು ನೋಡಲು ಅರ್ಧ ನಿಮಿಷ ಸಾಕು. ಸ್ಟೆಪ್ನಿ ಎತ್ತಿ ಕೆಳಗಿನ ಗುಂಡಿಯನ್ನೂ, ಸೀಟಿನ ಕೆಳಗಿನ ಕಬ್ಬಿಣದ ಪಟ್ಟಿಯ ತುಕ್ಕನ್ನೂ ನೋಡಿಬಿಡಿ. ಹೊರ ರಾಜ್ಯದ ಗಾಡಿಗೆ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್, ಅಲ್ಲಿ ಕಟ್ಟಿದ್ದು ವಾಪಸ್ ಬರಲು ಓಡಾಟ. ಆ ಒಂದು ಲಕ್ಷದಲ್ಲಿ ಕೊನೆಗೆ ಎಷ್ಟು ಉಳಿಯುತ್ತದೆ ಅಂತ ಕೂತು ಲೆಕ್ಕ ಹಾಕಿ.

ಸೇಡಂ ರಸ್ತೆಗೆ ಬರುತ್ತೇನೆ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದಾಗ ನಾನು ಸೈಲೆನ್ಸರ್ ಹಿಂದೆ ನಿಂತಿದ್ದೆ, ಚಾಚಾ ಬಾನೆಟ್ ಹತ್ತಿರ ಕಿವಿ ಇಟ್ಟಿದ್ದರು. ಟೈಮಿಂಗ್ ಚೈನ್ ಸಡಿಲಾಗಿದ್ದರೆ ಮೊದಲ ಎರಡು ಮೂರು ಸೆಕೆಂಡಿನ ಖಡಖಡ ಆಗಲೇ ಕೇಳುವುದು. ಆಯಿಲ್ ಒಳಗೆ ಇಳಿಯದಂತೆ ತಡೆಯುವ ವಾಲ್ವ್ ಸೀಲ್ ಹೋಗಿದ್ದರೆ ಒಂದು ಬುಗ್ಗೆ ನೀಲಿ ಹೊಗೆ ಆಗಲೇ ಬರುವುದು. ಬಿಸಿಯಾದ ಮೇಲೆ ಇವೆಲ್ಲ ಅಡಗಿಬಿಡುತ್ತವೆ, ಮಾರುವವರು ಮೊದಲೇ ಒಂದು ಸುತ್ತು ಹೊಡೆದು ಬಂದಿರುವುದು ಅದಕ್ಕೇ. ಈ ಗಾಡಿಯಲ್ಲಿ ಶಬ್ದವೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಆಮೇಲೆ ಗ್ಯಾರೇಜಿಗೆ ತಂದು ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಿದೆವು. ನಾಲ್ಕೂ ತುದಿ ತಿಳಿ ಕಂದು, ಚಹಾದ ಬಣ್ಣ. ಒಂದರಲ್ಲೂ ಎಣ್ಣೆ ಮಸಿ ಇಲ್ಲ. ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದಾಗ ನಾಲ್ಕೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಬಂದವು. ಒಂದರಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಕಡಿಮೆ ಬಂದಿದ್ದರೆ ಅಲ್ಲಿಗೇ ಬಿಡುತ್ತಿದ್ದೆವು. ಟೈರಿನ ಬದಿಯ ನಾಲ್ಕು ಅಂಕಿಯನ್ನೂ ಓದಿದೆ: 2316 ಅಂದರೆ 2016ರ 23ನೇ ವಾರ. ಗಾಡಿಯ ಜೊತೆ ಬಂದ ಟೈರೇ ಇನ್ನೂ ಇದ್ದವು. ಮೇಲಿನ ಗೀರುಗಳು ಚೆನ್ನಾಗಿ ಕಂಡರೂ ಆರು ವರ್ಷದ ರಬ್ಬರು ನಮ್ಮ ಬಿಸಿಲಿಗೆ ಗಟ್ಟಿಯಾಗಿ ಬಿರಿದಿರುತ್ತದೆ. ನಾಲ್ಕು ಹೊಸ ಟೈರಿನ ಹಣ ಬೆಲೆಯಲ್ಲಿ ಇಳಿಯಲೇಬೇಕು ಅಂದೆ.

ಇಲ್ಲಿಯವರೆಗೆ ಎಲ್ಲ ಚಲೋ ಇತ್ತು. ಎಂಜಿನ್ ತಣ್ಣಗಿದ್ದಾಗಲೇ ಚಾಚಾ ರೇಡಿಯೇಟರ್ ಮುಚ್ಚಳ ತೆಗೆದಿದ್ದರು. ಅದನ್ನು ಅಂಗೈ ಮೇಲೆ ಮಗುಚಿ ನನಗೆ ತೋರಿಸಿದರು. ಒಳಗಿನ ರಬ್ಬರಿನ ಸುತ್ತ ಬೂದು ಬಿಳಿ ಹೆಕ್ಕಳಿಕೆ ಕಟ್ಟಿತ್ತು, ನೀರು ಕಾಸುವ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಹಾಗೇ. ಬೆರಳು ಅದ್ದಿದರೆ ಎಂಜಿನ್ ತಣ್ಣಗಿಡುವ ದ್ರವ ಕೂಲೆಂಟ್‌ನ ಹಸಿರು ಬಣ್ಣವೂ ಇಲ್ಲ, ಜಿಗುಟೂ ಇಲ್ಲ.

"ಬೋರಿನ ನೀರು ಹಾಕ್ಯಾರ್ರಿ ಮಾಸ್ತರ. ನೋಡ್ರಿ, ಸುಣ್ಣ ಹ್ಯಾಂಗ ಹಿಡದದ."

ಕಲಬುರಗಿ, ಶಹಾಬಾದ, ಸೇಡಂ, ಚಿತ್ತಾಪುರ, ನಮ್ಮದೆಲ್ಲ ಸುಣ್ಣದ ಕಲ್ಲಿನ ನೆಲ. ಮನೆಗೆ ಹಾಸುವ ಪರಸಿಯೂ ಅದೇ, ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಆ ಕಲ್ಲಿನೊಳಗಿಂದ ಬರುವ ಬೋರಿನ ನೀರು ಗಡಸು. ರೇಡಿಯೇಟರಿನಲ್ಲಿ ಅದು ಕಾದಾಗ ಸುಣ್ಣ ಬಿಟ್ಟು ಸಣ್ಣ ನಳಿಗೆಗಳ ಒಳಗೆ ಕಟ್ಟುತ್ತದೆ. ಕೂಲೆಂಟ್ ಸ್ವಲ್ಪ ಕಡಿಮೆಯಾದಾಗ ದಾರಿಯಲ್ಲಿ ಯಾರೋ ಒಂದು ಬಾಟಲಿ ನೀರು ಸುರಿದಿರುತ್ತಾರೆ. ಮತ್ತೊಮ್ಮೆ, ಮಗದೊಮ್ಮೆ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ನಮ್ಮ ಭಾಗದಲ್ಲಿ ಪೆಟ್ರೋಲ್ ಗಾಡಿ ಕೊಳ್ಳುವವರು ಮೀಟರಿನ ಕಿಲೋಮೀಟರಿಗಿಂತ ಮೊದಲು ಈ ಮುಚ್ಚಳ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಂಜಿನ್ ತಣ್ಣಗಿದ್ದಾಗ ಮಾತ್ರ. ಬಿಸಿ ಇದ್ದಾಗ ತೆಗೆದರೆ ಕುದಿವ ನೀರು ಮುಖಕ್ಕೇ ಹಾರುತ್ತದೆ.

ಮಧ್ಯಾಹ್ನ ಎರಡಕ್ಕೆ ಮತ್ತೆ ಹೋದೆವು. ಹೊರಗೆ ನಿಂತರೆ ಕಣ್ಣು ಬಿಡಲಾಗದ ಬಿಸಿಲು. ರಿಂಗ್ ರೋಡ್ ಸುತ್ತಿ ಬಂದು, ನೆರಳಿಲ್ಲದ ಜಾಗದಲ್ಲಿ ನಿಲ್ಲಿಸಿ, ಎಸಿ ಪೂರ್ತಿ ಹಾಕಿ ಇಪ್ಪತ್ತು ನಿಮಿಷ ಹಾಗೇ ಬಿಟ್ಟೆವು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ನನ್ನ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಹಾಕಿ ಮೊಬೈಲಿನಲ್ಲಿ ಅಂಕಿ ನೋಡುತ್ತಿದ್ದೆ. ಈಗಿನ ಬಹಳ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮೀಟರ್ ನಡುವೆಯೇ ನಿಂತಿರುತ್ತದೆ, ಹತ್ತು ಡಿಗ್ರಿ ಏರಿದರೂ ಜಪ್ಪಯ್ಯ ಅನ್ನುವುದಿಲ್ಲ. ನಿಜವಾದ ಅಂಕಿ ಸ್ಕ್ಯಾನರಿನಲ್ಲಿ. 93ರಲ್ಲಿದ್ದದ್ದು 99, ಆಮೇಲೆ 103ಕ್ಕೆ ಹೋಯಿತು, ಫ್ಯಾನ್ ಜೋರಾಗಿ ತಿರುಗಿದರೂ ಬೇಗ ಇಳಿಯಲಿಲ್ಲ. ರೇಡಿಯೇಟರ್ ಅರ್ಧ ಕಟ್ಟಿದೆ ಅಂತ ಚಾಚಾ ಆಗಲೇ ಹೇಳಿದರು. ಸ್ಕ್ಯಾನರಿನಲ್ಲಿ ನೋಡಬೇಕಾದ್ದು ಇನ್ನೊಂದಿದೆ. ಗಾಡಿ ದಾಖಲಿಸಿಕೊಂಡ ದೋಷದ ಸಂಕೇತ, ಅಂದರೆ ಫಾಲ್ಟ್ ಕೋಡ್, ಒಂದೂ ಇಲ್ಲ ಅಂದ ತಕ್ಷಣ ನಂಬಬೇಡಿ. ಗಾಡಿ ತಾನೇ ಮಾಡಿಕೊಳ್ಳುವ ಪರೀಕ್ಷೆಗಳು 'ಪೂರ್ಣವಾಗಿಲ್ಲ' ಅಂತ ತೋರಿಸಿದರೆ ಯಾರೋ ಈಚೆಗೆ ಕೋಡ್ ಅಳಿಸಿರಬಹುದು, ಇಲ್ಲವೇ ಬ್ಯಾಟರಿ ಬಿಚ್ಚಿರಬಹುದು. ಇದರಲ್ಲಿ ಎಲ್ಲವೂ ಪೂರ್ಣವಾಗಿದ್ದವು.

ಏಳು ಲಕ್ಷ ನಲವತ್ತು ಸಾವಿರಕ್ಕೆ ಮುಗಿಯಿತು, ಟೈರು, ರೇಡಿಯೇಟರ್ ಎರಡರ ಹಣ ಕಳೆದು. ಹೆಸರು ಬದಲಾವಣೆಯ ಫಾರ್ಮ್ 29, 30, ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬಂದ ಮೇಲೇ ಪೂರ್ತಿ ಹಣ ಕೊಟ್ಟೆ. ಇನ್ಶೂರೆನ್ಸನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರದೇ, ಗಾಡಿಯ ಜೊತೆ ಬರುವುದಿಲ್ಲ.

ಇಷ್ಟೆಲ್ಲ ನೋಡಿ ತಂದು ನಾನು ಒಂದು ತಪ್ಪು ಮಾಡಿದೆ. ರೇಡಿಯೇಟರ್ ಹಣ ಕಳೆದುಕೊಂಡಿದ್ದರೂ ಹೊಸದು ಹಾಕಿಸಲಿಲ್ಲ. ಟೈರು, ಬ್ಯಾಟರಿ, ಹೆಸರು ಬದಲಾವಣೆ ಅಂತ ಒಂದೇ ತಿಂಗಳಲ್ಲಿ ಕೈ ಖಾಲಿಯಾಗಿತ್ತು. ಸದ್ಯಕ್ಕೆ ಫ್ಲಶ್ ಮಾಡಿಸಿ ಹೊಸ ಕೂಲೆಂಟ್ ಹಾಕಿದರೆ ಈ ಬೇಸಿಗೆ ದಾಟುತ್ತದೆ ಅಂದುಕೊಂಡೆ. ಚಾಚಾ ಬೇಡ ಅಂದಿದ್ದರು. ಫ್ಲಶ್ ಮಾಡಿದಾಗ ಏನಾಯಿತು ಅಂದರೆ ಕಟ್ಟಿದ್ದ ಹೆಕ್ಕಳಿಕೆ ಸಡಿಲಾಗಿ, ಬಿಸಿ ನೋಡಿಕೊಂಡು ಕೂಲೆಂಟ್ ಬಿಡುವ ಥರ್ಮೋಸ್ಟಾಟ್ ಹತ್ತಿರ ಹೋಗಿ ಕೂತಿತು. ಮೇ ಮೂರನೇ ವಾರ, ಊರಿಗೆ ಹೋಗುವ ದಾರಿ, ಹಿಂದೆ ಅವ್ವ. ಒಂದು ಹಳ್ಳಿಯಲ್ಲಿ ಮದುವೆ ಮೆರವಣಿಗೆ ಅಡ್ಡ ಬಂತು. ನಿಂತ ಗಾಡಿ, ಚಾಲೂ ಎಸಿ. ಮೊಬೈಲಿನಲ್ಲಿ 108, 110, 112. ಆಗ ಡ್ಯಾಶ್‌ಬೋರ್ಡಿನ ಮೀಟರೂ ಏರತೊಡಗಿತು. ಎಸಿ ಬಂದ್ ಮಾಡಿ ಹೀಟರ್ ಪೂರ್ತಿ ಹಾಕಿದೆ. ಆ ಬಿಸಿಲಲ್ಲಿ ಒಳಗೆ ಬೆಂಕಿ ಊದಿದ ಹಾಗೆ, ಆದರೆ ಎಂಜಿನ್ನಿನ ಬಿಸಿ ಅಷ್ಟಾದರೂ ಹೊರಗೆ ಬರುತ್ತದೆ. ಬೇವಿನ ಮರದ ಕೆಳಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಯಾರೋ ಕೊಡದಲ್ಲಿ ತಣ್ಣೀರು ತಂದು ಎಂಜಿನ್ ಮೇಲೆ ಹಾಕಲು ಬಂದರು. ಕೈ ಮುಗಿದು ಬೇಡ ಅಂದೆ. ಕಾದ ಅಲ್ಯೂಮಿನಿಯಂ ಹೆಡ್ (ಎಂಜಿನ್ನಿನ ಮೇಲ್ಭಾಗ) ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು, ಸೊಟ್ಟಗಾಗಬಹುದು. ಒಂದು ತಾಸು ಅವ್ವ ಮರದ ಕೆಳಗೆ ಕೂತಳು, ಅದೇ ನೀರು ಕುಡಿದಳು. ಹೆಡ್ ಉಳಿಯಿತು. ಮರುದಿನ ಹೊಸ ರೇಡಿಯೇಟರ್, ಥರ್ಮೋಸ್ಟಾಟ್, ಮುಚ್ಚಳ, ಎರಡು ಹೋಸ್ ಪೈಪ್. ಮುಪ್ಪಿನ ಜೀವವನ್ನು ಆ ಬಿಸಿಲಲ್ಲಿ ಕೂರಿಸಿದ್ದು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಅಂದಿನಿಂದ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ, ಬೇರೇನೂ ಅದರೊಳಗೆ ಹೋಗಿಲ್ಲ. ಕಲಸಿದ್ದನ್ನೇ ಒಂದು ಲೀಟರ್ ಡಿಕ್ಕಿಯಲ್ಲಿ ಇಟ್ಟಿರುತ್ತೇನೆ. ಪ್ರತಿ ಭಾನುವಾರ ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮುಂಚೆ ಕೂಲೆಂಟ್ ಡಬ್ಬಿಯ ಗೆರೆ, ಆಯಿಲ್ ಕಡ್ಡಿ ಎರಡೂ ನೋಡುತ್ತೇನೆ. ಆಯಿಲ್ ವರ್ಷಕ್ಕೊಮ್ಮೆ, ಹತ್ತು ಸಾವಿರ ಆಗಲಿ ಬಿಡಲಿ. ಏರ್ ಫಿಲ್ಟರ್ ಮಾತ್ರ ಪುಸ್ತಕದಲ್ಲಿ ಬರೆದಂತೆ ನಡೆಯುವುದಿಲ್ಲ. ಸಿಮೆಂಟಿನ ದೂಳು, ಕಲ್ಲಿನ ಗಣಿಯ ದೂಳು ನಮ್ಮಲ್ಲಿ ಅಷ್ಟು. ಎರಡು ತಿಂಗಳಿಗೊಮ್ಮೆ ತೆಗೆದು ನೆಲಕ್ಕೆ ಮೆಲ್ಲಗೆ ಕುಟ್ಟಿ, ಒಳಗಿನಿಂದ ಹೊರಕ್ಕೆ ಹಗುರ ಗಾಳಿ. ಹೊರಗಿನಿಂದ ಊದಿದರೆ ದೂಳು ಕಾಗದದೊಳಗೇ ನಾಟಿಕೊಳ್ಳುತ್ತದೆ.

ಬೇಸಿಗೆಯಲ್ಲಿ ಟೈರ್ ಒಡೆಯಬಾರದು ಅಂತ ಗಾಳಿ ಕಡಿಮೆ ಮಾಡಿಸುವವರನ್ನು ಬಹಳ ನೋಡಿದ್ದೇನೆ. ದಯಮಾಡಿ ಹಾಗೆ ಮಾಡಬೇಡಿ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಒಡೆಯುವುದು ಆಗ. ಡ್ರೈವರ್ ಬಾಗಿಲಿನ ಹತ್ತಿರದ ಚೀಟಿಯಲ್ಲಿರುವಷ್ಟೇ ಗಾಳಿ, ಬೆಳಗಿನ ತಂಪಿನಲ್ಲಿ.

ಮಳೆಗಾಲದಲ್ಲಿ ಒಮ್ಮೆ ಎಂಬತ್ತರ ವೇಗಕ್ಕೆ ಸ್ಟಿಯರಿಂಗ್ ನಡುಗತೊಡಗಿತು. ಅಲೈನ್‌ಮೆಂಟ್ ಮಾಡಿಸಿದೆ, ಹೋಗಲಿಲ್ಲ. ಗಾಲಿ ಬಿಚ್ಚಿದಾಗ ರಿಮ್ಮಿನ ಒಳಮೈಗೆ ಅಂಗೈಯಗಲ ಎರಿ ಮಣ್ಣು ಮೆತ್ತಿಕೊಂಡು ಒಣಗಿ ಕಲ್ಲಾಗಿತ್ತು. ಕಟ್ಟಿಗೆಯಿಂದ ಕೆರೆದು ತೆಗೆದೆ, ನಡುಕ ಹೋಯಿತು. ಈಗ ಊರಿನಿಂದ ಬಂದ ದಿನವೇ ಪೈಪ್ ಹಿಡಿದು ಗಾಲಿಗಳ ಒಳಗೆ ತೊಳೆಯುತ್ತೇನೆ. ತೊಗರಿ ರಾಶಿಯ ದಿನಗಳಲ್ಲಿ ಇಲಿ ಕಾಟವೂ ಇದೆ, ಒಂದು ಸೆನ್ಸರ್ ವೈರ್ ಕಡಿದಿತ್ತು. ಹಳ್ಳಿಯಲ್ಲಿ ರಾತ್ರಿ ಗಾಡಿಯನ್ನು ಕಣದ ಹತ್ತಿರ ನಿಲ್ಲಿಸುವುದಿಲ್ಲ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಇದೆ, ನನ್ನ ಗಾಡಿ ಅದಕ್ಕಿಂತ ಹಿಂದಿನದು. ಲೀಟರಿಗೆ ಅರ್ಧ ಕಿಲೋಮೀಟರ್ ಇಳಿದಿದೆ ಅಂತ ನನ್ನ ನೋಟ್‌ಬುಕ್ ಹೇಳುತ್ತದೆ. ಎಥೆನಾಲ್ ತೇವ ಹೀರುತ್ತದೆ, ಅದಕ್ಕೆ ರಜೆಯಲ್ಲೂ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿಲ್ಲ. ಪ್ರತಿ ಸರ್ವಿಸಿಗೆ ಇಂಧನದ ರಬ್ಬರ್ ಪೈಪುಗಳನ್ನು ಬೆರಳಿನಿಂದ ಒತ್ತಿ, ಮೂಸಿ ನೋಡುತ್ತೇವೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೇ ಇರುತ್ತದೆ, ಅದನ್ನು ತಣ್ಣಗಿಡುವುದು ಸುತ್ತ ಇರುವ ಪೆಟ್ರೋಲೇ.

ಮೀಟರ್ ಈಗ 85 ಸಾವಿರ ದಾಟಿದೆ. ಪ್ರತಿ ಏಪ್ರಿಲ್‌ನಲ್ಲಿ ಒಂದು ದಿನ ಮಧ್ಯಾಹ್ನ ಎರಡಕ್ಕೆ ಚಾಚಾನ ಗ್ಯಾರೇಜ್ ಮುಂದೆ ಬಿಸಿಲಲ್ಲಿ ನಿಲ್ಲಿಸಿ, ಎಸಿ ಹಾಕಿ ಇಪ್ಪತ್ತು ನಿಮಿಷ ಕಾಯುತ್ತೇವೆ. ಕಳೆದ ಸಲ 97ಕ್ಕೆ ಏರಿತು, ಫ್ಯಾನ್ ತಿರುಗಿತು, 92ಕ್ಕೆ ಇಳಿಯಿತು. ಚಾಚಾ ಮೊಬೈಲ್ ಇಸಿದುಕೊಂಡು ಕನ್ನಡಕ ಏರಿಸಿ ನೋಡಿ, "ಅವ್ವನ್ನ ಕರ್ಕೊಂಡ್ ಹೋಗ್ರಿ" ಅಂದರು.