ವಿಧಾನಸಭಾ ಕ್ಷೇತ್ರದ ಚುನಾವಣಾ ಇತಿಹಾಸ ಬರೆಯುವ ಕ್ರಮ: ಕೋಲಾರ ಜಿಲ್ಲೆಯ ಕ್ಷೇತ್ರಗಳನ್ನು ಮುಂದಿಟ್ಟುಕೊಂಡು

ತಮ್ಮ ಊರಿನ ವಿಧಾನಸಭಾ ಕ್ಷೇತ್ರದ ಚುನಾವಣಾ ಇತಿಹಾಸವನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಗೆದ್ದವರ ಪಟ್ಟಿಯಿಂದ ಆರಂಭಿಸುತ್ತಾರೆ. ಅದು ಸುಲಭವಾಗಿ ಸಿಗುತ್ತದೆ, ಒಂದೇ ಪುಟದಲ್ಲಿ ಮುಗಿಯುತ್ತದೆ. ಆದರೆ ಕ್ಷೇತ್ರದ ಹೆಸರು ಹಾಗೆಯೇ ಉಳಿದರೂ ಅದರೊಳಗಿನ ಊರುಗಳು ಕಾಲಕಾಲಕ್ಕೆ ಬದಲಾಗಿರುತ್ತವೆ. ಆ ಬದಲಾವಣೆಯನ್ನು ಗುರುತಿಸದೆ ಬರೆದ ಪಟ್ಟಿ ಓದುಗರನ್ನು ದಾರಿ ತಪ್ಪಿಸುತ್ತದೆ. ಆದ್ದರಿಂದ ಮೊದಲು ಗಡಿಯನ್ನು ಬರೆಯಬೇಕು, ಅನಂತರ ಗೆದ್ದವರನ್ನು ಬರೆಯಬೇಕು ಎಂಬುದು ಈ ಬರಹದ ಮುಖ್ಯ ಸಲಹೆ. ಕೋಲಾರ ಜಿಲ್ಲೆಯಲ್ಲಿ ಈಗ ಶ್ರೀನಿವಾಸಪುರ (ಕ್ಷೇತ್ರ ಸಂಖ್ಯೆ 144), ಮುಳಬಾಗಿಲು (145), ಕೆಜಿಎಫ್ (146), ಬಂಗಾರಪೇಟೆ (147), ಕೋಲಾರ (148) ಮತ್ತು ಮಾಲೂರು (149) ಎಂಬ ಆರು ಕ್ಷೇತ್ರಗಳಿದ್ದು, ಇವುಗಳಲ್ಲಿ ಮುಳಬಾಗಿಲು, ಕೆಜಿಎಫ್ ಮತ್ತು ಬಂಗಾರಪೇಟೆ ಪರಿಶಿಷ್ಟ ಜಾತಿಗೆ ಮೀಸಲಾಗಿವೆ. ಉದಾಹರಣೆಗಳನ್ನು ಇವುಗಳಿಂದಲೇ ಆಯ್ದುಕೊಳ್ಳುತ್ತೇನೆ.

ಈಗಿನ ಗಡಿಗಳು 2008ರ ಕ್ಷೇತ್ರ ಪುನರ್ವಿಂಗಡಣೆ ಆದೇಶದಿಂದ ಬಂದವು. 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗ ಇವುಗಳನ್ನು ನಿಗದಿಪಡಿಸಿತು. 2008ರ ಮೇ ತಿಂಗಳ ಚುನಾವಣೆ ಈ ಗಡಿಗಳ ಮೇಲೆಯೇ ನಡೆಯಿತು. ಪ್ರತಿ ಕ್ಷೇತ್ರಕ್ಕೂ ಯಾವ ತಾಲ್ಲೂಕಿನ ಯಾವ ಹೋಬಳಿಗಳು ಸೇರುತ್ತವೆ ಎಂಬುದನ್ನು ಆದೇಶದಲ್ಲಿಯೇ ಬರೆಯಲಾಗಿದೆ. ಅದನ್ನು ಓದಿ, ಹೋಬಳಿಗಳ ಗಡಿಯಿರುವ ತಾಲ್ಲೂಕು ನಕ್ಷೆಯೊಂದರ ಮೇಲೆ ಬಣ್ಣದಿಂದ ಗುರುತಿಸಿಕೊಳ್ಳಿ. 1978ರಿಂದ 2004ರವರೆಗೆ ಇದ್ದ ಗಡಿಗಳಿಗೆ ಇನ್ನೊಂದು ನಕ್ಷೆಯನ್ನು, ಅದಕ್ಕೂ ಹಿಂದಿನ ಗಡಿಗಳಿಗೆ ಬೇರೆ ನಕ್ಷೆಗಳನ್ನು ಇಟ್ಟುಕೊಳ್ಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಆದ್ದರಿಂದ ಹಳೆಯ ದಾಖಲೆಗಳಲ್ಲಿ ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟಗಳನ್ನೂ ಕೋಲಾರ ಜಿಲ್ಲೆಯಲ್ಲಿಯೇ ಹುಡುಕಬೇಕು.

ಈ ಶ್ರಮ ಏಕೆ ಬೇಕು ಎಂಬುದು ಕೆಜಿಎಫ್ ಕ್ಷೇತ್ರವನ್ನು ನೋಡಿದರೆ ತಿಳಿಯುತ್ತದೆ. ಚಿನ್ನದ ಗಣಿಯ ಕಾರ್ಮಿಕರು, ಅವರಲ್ಲಿಯೂ ತಮಿಳು ಮಾತನಾಡುವ ದಲಿತ ಕುಟುಂಬಗಳು ಹೆಚ್ಚಾಗಿದ್ದ ಈ ಪಟ್ಟಣ ಕ್ಷೇತ್ರದಲ್ಲಿ ಕಮ್ಯುನಿಸ್ಟರು, ರಿಪಬ್ಲಿಕನ್ ಪಕ್ಷದವರು ಮತ್ತು ಅಣ್ಣಾ ಡಿಎಂಕೆಯವರು ಗೆದ್ದಿದ್ದಾರೆ. 1999ರಲ್ಲಿ ಅಣ್ಣಾ ಡಿಎಂಕೆ, 2004ರಲ್ಲಿ ರಿಪಬ್ಲಿಕನ್ ಪಕ್ಷ ಇಲ್ಲಿ ಜಯ ಗಳಿಸಿದವು. 2008ರಲ್ಲಿಯೂ 2013ರಲ್ಲಿಯೂ ಬಿಜೆಪಿ ಗೆದ್ದಿತು, 2018 ಮತ್ತು 2023ರಲ್ಲಿ ಕಾಂಗ್ರೆಸ್ ಗೆದ್ದಿತು. ಗೆದ್ದವರ ಪಟ್ಟಿಯನ್ನಷ್ಟೇ ಓದಿದವರಿಗೆ, ಗಣಿ ಕಾರ್ಮಿಕರು ನಾಲ್ಕು ವರ್ಷಗಳಲ್ಲಿ ಮನಸ್ಸು ಬದಲಿಸಿದರು ಎಂದು ತೋರಬಹುದು. 2001ರಲ್ಲಿ ಗಣಿ ಮುಚ್ಚಿ ಜನ ಕೆಲಸ ಹುಡುಕಿಕೊಂಡು ಊರು ಬಿಟ್ಟದ್ದು ಒಂದು ಕಾರಣವಿರಬಹುದು. ಆದರೆ ಅದೇ ಅವಧಿಯಲ್ಲಿ ಬೇತಮಂಗಲ ಎಂಬ ಪ್ರತ್ಯೇಕ ಕ್ಷೇತ್ರ ರದ್ದಾಗಿ, ಬೇತಮಂಗಲದ ಕಡೆಯ ಹಳ್ಳಿಗಳು ಕೆಜಿಎಫ್‌ಗೆ ಸೇರಿದವು. 2004ರ ಮತದಾರರೂ 2008ರ ಮತದಾರರೂ ಒಂದೇ ಜನಸಮುದಾಯವಲ್ಲ. ಇದನ್ನು ಹೇಳದೆ 2004 ಮತ್ತು 2008ರ ಮತಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಾದ ಕ್ರಮವಲ್ಲ. ವೇಮಗಲ್ ಕ್ಷೇತ್ರವೂ 2008ರಲ್ಲಿ ರದ್ದಾಯಿತು. ಸಾಮಾನ್ಯ ಕ್ಷೇತ್ರವಾಗಿದ್ದ ಮುಳಬಾಗಿಲು ಆಗಲೇ ಮೀಸಲು ಕ್ಷೇತ್ರವಾಯಿತು. ಇಂತಹ ಕಡೆಗಳಲ್ಲಿ ಕೋಷ್ಟಕದ ನಡುವೆ ಒಂದು ದಪ್ಪ ಗೆರೆ ಎಳೆದು ಕಾರಣವನ್ನು ಪಕ್ಕದಲ್ಲಿಯೇ ಬರೆಯಿರಿ.

ಗಡಿಯ ಕೆಲಸ ಮುಗಿದ ಮೇಲೆ ವರ್ಷಗಳ ಸಾಲನ್ನು ಹಾಕಿಕೊಳ್ಳಿ: 1952, 1957, 1962, 1967, 1972, 1978, 1983, 1985, 1989, 1994, 1999, 2004, 2008, 2013, 2018 ಮತ್ತು 2023. ಮೊದಲನೆಯದು ಹಳೆಯ ಮೈಸೂರು ರಾಜ್ಯದ 99 ಸ್ಥಾನಗಳ ವಿಧಾನಸಭೆಗೆ ನಡೆದದ್ದು. ರಾಜ್ಯ ಪುನರ್ವಿಂಗಡಣೆಯ ನಂತರ 1957ರಲ್ಲಿ ಸ್ಥಾನಗಳು 208ಕ್ಕೆ, 1967ರಲ್ಲಿ 216ಕ್ಕೆ, 1978ರಲ್ಲಿ ಇಂದಿನ 224ಕ್ಕೆ ಏರಿದವು. 1952 ಮತ್ತು 1957ರಲ್ಲಿ ಕೆಲವು ಕ್ಷೇತ್ರಗಳಿಂದ ಇಬ್ಬರು ಸದಸ್ಯರು ಆಯ್ಕೆಯಾಗುತ್ತಿದ್ದರೆಂಬುದು ನೆನಪಿರಲಿ. ಆ ವರ್ಷಗಳಲ್ಲಿ ಒಂದೇ ಕ್ಷೇತ್ರಕ್ಕೆ ಇಬ್ಬರ ಹೆಸರು ಕಂಡರೆ ಅದು ಅಚ್ಚಿನ ತಪ್ಪಲ್ಲ. ಉಪಚುನಾವಣೆಗಳನ್ನೂ ಸೇರಿಸಬೇಕು. 2011ರಲ್ಲಿ ಬಂಗಾರಪೇಟೆಯಲ್ಲಿ ನಡೆದ ಉಪಚುನಾವಣೆಯಂಥವು ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಇರುವುದಿಲ್ಲವಾದ್ದರಿಂದ ಬಹಳ ಸಲ ಬಿಟ್ಟುಹೋಗುತ್ತವೆ.

ಅಂಕಿಗಳಿಗೆ ಭಾರತದ ಚುನಾವಣಾ ಆಯೋಗ ಪ್ರಕಟಿಸುವ ಅಂಕಿಅಂಶ ವರದಿಗಳೇ ಮೊದಲ ಆಧಾರವಾಗಲಿ. ಆಯೋಗದ ಜಾಲತಾಣದಲ್ಲಿ ಇವು ಉಚಿತವಾಗಿ ದೊರೆಯುತ್ತವೆ. ಪ್ರತಿ ಚುನಾವಣೆಗೂ ಒಟ್ಟು ಮತದಾರರು, ಚಲಾವಣೆಯಾದ ಮತಗಳು, ಸಿಂಧುವಾದ ಮತಗಳು, ಗೆದ್ದವರ ಹೆಸರು, ಪಕ್ಷ ಹಾಗೂ ಮತಗಳು, ಎರಡನೆಯ ಸ್ಥಾನದವರ ಅದೇ ವಿವರ, ಗೆಲುವಿನ ಅಂತರ ಇಷ್ಟನ್ನು ಕಡ್ಡಾಯವಾಗಿ ಬರೆದುಕೊಳ್ಳಬೇಕು. ಸೋತವರ ಹೆಸರನ್ನು ಬಿಡಬೇಡಿ.

ಸೋತವರ ಹೆಸರು ಎಷ್ಟು ಮುಖ್ಯವೆಂಬುದಕ್ಕೆ ಶ್ರೀನಿವಾಸಪುರಕ್ಕಿಂತ ಒಳ್ಳೆಯ ನಿದರ್ಶನ ಈ ಭಾಗದಲ್ಲಿಲ್ಲ. 1978ರಲ್ಲಿ ಕೆ.ಆರ್. ರಮೇಶ್ ಕುಮಾರ್, 1983ರಲ್ಲಿ ಜಿ.ಕೆ. ವೆಂಕಟಶಿವಾರೆಡ್ಡಿ, 1985ರಲ್ಲಿ ಮತ್ತೆ ರಮೇಶ್ ಕುಮಾರ್, 1989ರಲ್ಲಿ ಮತ್ತೆ ವೆಂಕಟಶಿವಾರೆಡ್ಡಿ, ಹೀಗೆ ಒಂದು ಸಲ ಇವರು, ಇನ್ನೊಂದು ಸಲ ಅವರು ಎಂಬಂತೆ 2013ರವರೆಗೂ ನಡೆಯಿತು. 2018ರಲ್ಲಿ ರಮೇಶ್ ಕುಮಾರ್ ಸತತ ಎರಡನೆಯ ಬಾರಿ ಗೆದ್ದು ಈ ಸರದಿಯನ್ನು ಮುರಿದರು. 2023ರಲ್ಲಿ ವೆಂಕಟಶಿವಾರೆಡ್ಡಿ ಮರಳಿ ಬಂದರು. ಈಗ ಪಕ್ಷದ ಅಂಕಣವನ್ನಷ್ಟೇ ನೋಡಿ: 1983, 1989, 1999, 2004, 2013, 2018, ಇಷ್ಟೂ ಕಡೆ ಕಾಂಗ್ರೆಸ್ ಎಂದಿರುತ್ತದೆ. ಅದನ್ನು ನೋಡಿದವರು ಇದು ಕಾಂಗ್ರೆಸ್ಸಿನ ಭದ್ರಕೋಟೆ ಎಂದು ಬರೆದುಬಿಡಬಹುದು. ವಾಸ್ತವದಲ್ಲಿ ಮೊದಲ ಮೂರು ಗೆಲುವುಗಳು ವೆಂಕಟಶಿವಾರೆಡ್ಡಿಯವರವು, ಕೊನೆಯ ಮೂರು ರಮೇಶ್ ಕುಮಾರ್ ಅವರವು. ರಮೇಶ್ ಕುಮಾರ್ 1985ರಲ್ಲಿ ಜನತಾ ಪಕ್ಷದಿಂದಲೂ 1994ರಲ್ಲಿ ಜನತಾದಳದಿಂದಲೂ ಗೆದ್ದವರು. ವೆಂಕಟಶಿವಾರೆಡ್ಡಿ 2008 ಮತ್ತು 2023ರಲ್ಲಿ ಜೆಡಿಎಸ್‌ನಿಂದ ಗೆದ್ದವರು. ಪಕ್ಷಗಳು ಬದಲಾದವು, ಎದುರಾಳಿಗಳು ಬದಲಾಗಲಿಲ್ಲ. ಆ ಕ್ಷೇತ್ರದ ಚರಿತ್ರೆಯನ್ನು ಎರಡು ಬಣಗಳ ಚರಿತ್ರೆಯಾಗಿಯೇ ಬರೆಯಬೇಕು. ಇದೇ ಕಾರಣಕ್ಕೆ ಪಕ್ಷದ ಹೆಸರನ್ನು ಆಯಾ ಚುನಾವಣೆಯ ದಿನ ಹೇಗಿತ್ತೋ ಹಾಗೆಯೇ ಬರೆಯಬೇಕು. ಜನತಾ ಪಕ್ಷ, ಜನತಾದಳ, ಜೆಡಿಎಸ್‌ಗಳನ್ನು ಒಂದೇ ಹೆಸರಿನಡಿ ಸೇರಿಸಬಾರದು.

ಪ್ರತಿ ಸಾಲಿಗೂ ಷರಾ ಬರೆಯಲು ಸ್ಥಳ ಬಿಡಿ. 2018ರ ಮುಳಬಾಗಿಲಿನ ಫಲಿತಾಂಶದಲ್ಲಿ ಕಾಂಗ್ರೆಸ್ ಅಭ್ಯರ್ಥಿಯೇ ಕಾಣುವುದಿಲ್ಲ. ಆ ಪಕ್ಷದ ಅಭ್ಯರ್ಥಿಯಾಗಿದ್ದ ಕೊತ್ತೂರು ಜಿ. ಮಂಜುನಾಥ್ ಅವರ ನಾಮಪತ್ರ ಜಾತಿ ಪ್ರಮಾಣಪತ್ರದ ವಿವಾದದಿಂದ ತಿರಸ್ಕೃತವಾಗಿ, ಪಕ್ಷೇತರರಾಗಿದ್ದ ಎಚ್. ನಾಗೇಶ್ ಗೆದ್ದರು. ಷರಾ ಇಲ್ಲದಿದ್ದರೆ ಕಾಂಗ್ರೆಸ್ ಅಲ್ಲಿ ಸ್ಪರ್ಧಿಸುವ ಶಕ್ತಿಯನ್ನೇ ಕಳೆದುಕೊಂಡಿತ್ತೆಂದು ಮುಂದಿನ ಓದುಗರು ತಿಳಿಯುತ್ತಾರೆ. ಈ ಜಿಲ್ಲೆಯಲ್ಲಿ ಪಕ್ಷೇತರರು ಗೆಲ್ಲುವುದು ಅಪರೂಪವಲ್ಲ. ಕೋಲಾರದಲ್ಲಿ 2008 ಮತ್ತು 2013ರಲ್ಲಿ ವರ್ತೂರು ಪ್ರಕಾಶ್ ಪಕ್ಷೇತರರಾಗಿಯೇ ಆಯ್ಕೆಯಾದರು. ಪಕ್ಷೇತರರೆಂದು ಬರೆದು ನಿಲ್ಲಿಸದೆ, ಅವರು ಯಾರ ಬೆಂಬಲದಿಂದ ಅಥವಾ ಯಾರ ವಿರುದ್ಧ ಬಂಡಾಯವೆದ್ದು ನಿಂತರು ಎಂಬುದನ್ನು ಅಂದಿನ ಪತ್ರಿಕೆಗಳಿಂದ ತಿಳಿದು ಸೇರಿಸಿ.

ಶೇಕಡಾವಾರು ಲೆಕ್ಕದಲ್ಲಿ ಎರಡು ಎಚ್ಚರಿಕೆಗಳು ಸಾಕು. ಮತದಾನದ ಪ್ರಮಾಣವನ್ನು ಒಟ್ಟು ಮತದಾರರ ಮೇಲೆ, ಅಭ್ಯರ್ಥಿಯ ಪಾಲನ್ನು ಸಿಂಧುವಾದ ಮತಗಳ ಮೇಲೆ ಲೆಕ್ಕ ಹಾಕಬೇಕು. ಸಿಂಧುವಾದ ಮತಗಳ ಆರನೇ ಒಂದು ಭಾಗ ಬಾರದ ಅಭ್ಯರ್ಥಿಗೆ ಠೇವಣಿ ನಷ್ಟವಾಗುತ್ತದೆ. ಈ ಲೆಕ್ಕದಲ್ಲಿ ನೋಟಾ (ಮೇಲಿನ ಯಾರೂ ಬೇಡ ಎಂಬ) ಮತಗಳು ಸೇರುವುದಿಲ್ಲ. ನಮ್ಮ ವಿಧಾನಸಭಾ ಚುನಾವಣೆಯಲ್ಲಿ ನೋಟಾ ಮೊದಲು ಕಾಣಿಸಿದ್ದು 2018ರಲ್ಲಿ. ಅಂತರ ತೀರಾ ಕಡಿಮೆಯಿದ್ದರೆ ಅಂಚೆ ಮತಗಳನ್ನೂ ಬೇರೆಯಾಗಿ ಬರೆಯಿರಿ: 2023ರಲ್ಲಿ ಮಾಲೂರಿನ ಫಲಿತಾಂಶ ಕೇವಲ 248 ಮತಗಳಿಂದ ತೀರ್ಮಾನವಾಗಿ, ಆ ಎಣಿಕೆಯ ವಿವಾದ ಹೈಕೋರ್ಟಿಗೂ ಅನಂತರ ಸುಪ್ರೀಂ ಕೋರ್ಟಿಗೂ ಹೋಯಿತು.

ಇನ್ನು ಆಳಕ್ಕೆ ಇಳಿಯಬೇಕೆನ್ನುವವರು ನಮೂನೆ 20 ಎಂಬ ಅಂತಿಮ ಫಲಿತಾಂಶ ಪಟ್ಟಿಯನ್ನು ಪಡೆಯಬೇಕು. ಇದರಲ್ಲಿ ಒಂದೊಂದು ಮತಗಟ್ಟೆಯಲ್ಲಿಯೂ ಯಾರಿಗೆ ಎಷ್ಟು ಮತ ಬಿತ್ತೆಂಬ ವಿವರವಿರುತ್ತದೆ. ಇತ್ತೀಚಿನ ಚುನಾವಣೆಗಳ ಪಟ್ಟಿಗಳು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿವೆ. ಅಲ್ಲಿ ಸಿಗದಿದ್ದರೆ ಜಿಲ್ಲಾ ಚುನಾವಣಾಧಿಕಾರಿಗಳೂ ಆಗಿರುವ ಜಿಲ್ಲಾಧಿಕಾರಿಗಳ ಕಚೇರಿಗೆ, ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬಹುದು. ಪಟ್ಟಿಯಲ್ಲಿ ಮತಗಟ್ಟೆಯ ಸಂಖ್ಯೆ ಮಾತ್ರ ಇರುವುದರಿಂದ, ಅದೇ ಚುನಾವಣೆಯ ಮತಗಟ್ಟೆಗಳ ಹೆಸರಿನ ಪಟ್ಟಿಯನ್ನೂ ಜತೆಗೆ ಕೇಳಿ ಪಡೆಯಿರಿ. ಹೊಸ ಮತಗಟ್ಟೆ ಸೇರಿದಾಗ ಮುಂದಿನ ಸಂಖ್ಯೆಗಳೆಲ್ಲ ಬದಲಾಗುವುದರಿಂದ, 2018ರ ಒಂದು ಸಂಖ್ಯೆಯನ್ನು 2023ರ ಅದೇ ಸಂಖ್ಯೆಯೊಂದಿಗೆ ಹೋಲಿಸಿದರೆ ಬೇರೆ ಊರಿನ ಮತಗಳನ್ನು ಹೋಲಿಸಿದಂತಾಗಬಹುದು. ಊರಿನ ಮತ್ತು ಶಾಲೆಯ ಹೆಸರಿನಿಂದಲೇ ಹೊಂದಿಸಿ, ನಂತರ ಗ್ರಾಮ ಪಂಚಾಯಿತಿ ಮತ್ತು ಹೋಬಳಿವಾರು ಕೂಡಿಸಿದರೆ ಯಾವ ಕಡೆ ಯಾರ ಬಲವಿದೆಯೆಂಬುದು ಸ್ಪಷ್ಟವಾಗುತ್ತದೆ. ಮತಗಟ್ಟೆವಾರು ಅಂಕಿಗಳನ್ನು ಜಾತಿಯ ಲೆಕ್ಕವಾಗಿ ಓದುವ ಅಭ್ಯಾಸ ನಮ್ಮಲ್ಲಿ ಹೆಚ್ಚಾಗಿದೆ. ಯಾರು ಯಾರಿಗೆ ಮತ ಹಾಕಿದರು ಎಂಬುದನ್ನು ಆ ಹಾಳೆ ಹೇಳುವುದಿಲ್ಲ, ಹೇಳಲೂ ಬಾರದು. ಗುಪ್ತ ಮತದಾನದ ಬಗ್ಗೆ ಗೌರವವಿರುವವರು ಅಲ್ಲಿಗೆ ನಿಲ್ಲಬೇಕು.

ಊರಿನ ಹಿರಿಯರ ನೆನಪುಗಳನ್ನು ಕೇಳಿ ಬರೆದುಕೊಳ್ಳಿ, ಆದರೆ ವರ್ಷ ಮತ್ತು ಮತಸಂಖ್ಯೆಗಳನ್ನು ಅಧಿಕೃತ ವರದಿಯೊಂದಿಗೆ ತಾಳೆ ನೋಡದೆ ಸೇರಿಸಬೇಡಿ.

ಒಂದು ಕೆಲಸವನ್ನು ಮಾತ್ರ ಮುಂದೂಡಬಾರದು. ಸಂವಿಧಾನದ 84ನೇ ತಿದ್ದುಪಡಿಯ ಪ್ರಕಾರ 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಬರುವವರೆಗೆ ಸ್ಥಾನಗಳ ಸಂಖ್ಯೆ ಬದಲಾಗುವುದಿಲ್ಲ. ಆ ಬಳಿಕ ಹೊಸ ಪುನರ್ವಿಂಗಡಣೆಗೆ ದಾರಿಯಾಗುತ್ತದೆ. ಆಗ ಈಗಿನ ಮತಗಟ್ಟೆ ಪಟ್ಟಿಗಳು ಜಾಲತಾಣಗಳಲ್ಲಿ ಉಳಿದಿರುತ್ತವೆಂಬ ಭರವಸೆಯಿಲ್ಲ. ಆದ್ದರಿಂದ 2008ರಿಂದ 2023ರವರೆಗಿನ ನಾಲ್ಕು ಚುನಾವಣೆಗಳ ನಮೂನೆ 20, ಮತಗಟ್ಟೆಗಳ ಹೆಸರಿನ ಪಟ್ಟಿ ಮತ್ತು ಕ್ಷೇತ್ರದ ನಕ್ಷೆ ಇವುಗಳನ್ನು ಈಗಲೇ ಇಳಿಸಿಕೊಂಡು, ಒಂದು ಮುದ್ರಿತ ಪ್ರತಿಯನ್ನು ನಿಮ್ಮ ತಾಲ್ಲೂಕಿನ ಗ್ರಂಥಾಲಯಕ್ಕೂ ಕೊಡಿ.